ಚಾಕುವಿನ ಹಿಡಿ

ಹಿಮದಲ್ಲಿ ಸತ್ತ ಗಂಡನ ಚಾಕುವನ್ನು ಪೊಲೀಸರು ಸಿಕ್ಕ ಹಾಗೆಯೇ ಮೊಹರು ಹಾಕಿದ ಚೀಲದಲ್ಲಿ ಕಳಿಸಿದ್ದರು. ಅವನ ಜೊತೆ ಚಾರಣಕ್ಕೆ ಹೋಗಿ ಬದುಕಿ ಬಂದ ಗೆಳೆಯ ಅವಳೆದುರು ಕೂತಿದ್ದ.

“ಅವನ ಕಾಲು ಮುರಿದಿತ್ತು, ಅತ್ತಿಗೆ. ಚಾಕು ಅವನ ಕೈಗೆ ಕೊಟ್ಟು, ಜನ ಕರ್ಕೊಂಡು ಬರೋಕೆ ನಾನೊಬ್ನೇ ಕೆಳಗಿಳಿದೆ.”

“ಅದರ ಟೊಳ್ಳು ಹಿಡಿಯೊಳಗೆ ನಾನೇ ಬೆಂಕಿಕಡ್ಡಿ ತುಂಬಿ ಕಳಿಸಿದ್ದೆ. ಬೆಂಕಿ ಹಾಕ್ಕೊಳ್ಳೋಕೂ ಆಗ್ಲಿಲ್ವಾ ಅವ್ರಿಗೆ?”

ಶವದ ಪಕ್ಕದಲ್ಲಿ ಚಾಕುವಿನಿಂದ ತೆಳ್ಳಗೆ ಕೆತ್ತಿದ ಒಣ ಚಕ್ಕೆಗಳ ರಾಶಿ ಸಿಕ್ಕಿತ್ತು. ಒಂದು ಚಕ್ಕೆಯೂ ಸುಟ್ಟಿರಲಿಲ್ಲ. ಗೀರಿದ ಕಡ್ಡಿ ಎಲ್ಲೂ ಇರಲಿಲ್ಲ.

“ಹಿಡಿಯ ಮುಚ್ಚಳ ಕಚ್ಕೊಂಡಿರುತ್ತೆ. ಆ ಚಳೀಲಿ ಬೆರಳು ಎಲ್ಲಿ ಆಡುತ್ತೆ?” ಎಂದ ಗೆಳೆಯ.

ಅವಳ ದನಿ ಕುಸಿಯಿತು. “ಮುಚ್ಚಳದ ತಿರುಪಿಗೆ ಎಣ್ಣೆ ಹಾಕು ಅಂದಿದ್ರು. ಮೆಷಿನ್ ಎಣ್ಣೆ ಮುಗಿದಿತ್ತು ಅಂತ ಕೊಬ್ಬರಿ ಎಣ್ಣೆ ಸವರಿಬಿಟ್ಟೆ. ಚಳಿಗೆ ಗಟ್ಟಿಯಾಗುತ್ತೆ ಅಂತ ಹೊಳೀಲೇ ಇಲ್ಲ. ನಾನೇ ಕೊಂದೆ ಅವ್ರನ್ನ.”

ಗೆಳೆಯ ತಲೆಯಾಡಿಸಿದ. “ಅದೇ ಆಗಿರಬೇಕು. ಮನಸ್ಸಿಗೆ ಹಚ್ಕೋಬೇಡಿ, ಅತ್ತಿಗೆ.”

ಅವಳು ಮೊಹರು ಒಡೆದು ಚಾಕು ತೆಗೆದಳು.

“ಈಗ ಅದ್ಯಾಕೆ? ಬಿಡಿ,” ಎಂದು ಅವನು ಕೈ ಚಾಚಿದ.

ಮುಚ್ಚಳ ಸಲೀಸಾಗಿ ತಿರುಗಿತು. ಒಳಗೆ ಒಂದು ಕಡ್ಡಿಯೂ ಇರಲಿಲ್ಲ.