ತೇಲುವ ಕಲ್ಲು

"ಕಲ್ಲು ನೀರಲ್ಲಿ ತೇಲುತ್ತಾ, ಅಮ್ಮಾ?" ಅಮ್ಮನ ಬುದ್ಧಿ ಸ್ಥಿಮಿತದಲ್ಲಿದೆಯೇ ಎಂದು ನೋಡಲು ಕ್ಯಾನ್ಸರ್ ವಾರ್ಡಿನ ಡಾಕ್ಟರು ಕೇಳಿದರು. "ಮನೆಗೆ ಬೇಡ ಕಣೇ, ನಿಮ್ಮಪ್ಪ ಹೊಡೀತಾರೆ" ಎಂದು ಅಮ್ಮ ಬೆಳಗಿನಿಂದ ಗೋಗರೆಯುತ್ತಿದ್ದದ್ದು ಬರೀ ಬಡಬಡಿಕೆ ಎಂದು ಸಾಬೀತಾಗಲೆಂದೇ ಮಗಳು ಡಾಕ್ಟರನ್ನು ಕರೆಸಿದ್ದಳು. ವಾರದ ದಿನಗಳನ್ನು ಅಮ್ಮ ಹಿಂದಿನಿಂದ ತಪ್ಪಿಲ್ಲದೆ ಒಪ್ಪಿಸಿಯಾಗಿತ್ತು.

"ಅವಳ ತಲೆಗೇನಾಗಿದೆ? ಇಷ್ಟು ವರ್ಷ ನನ್ನ ತಲೆ ತಿಂದು ಗಟ್ಟಿಯಾಗಿದೆ!" ಬಾಗಿಲಲ್ಲಿ ಅಪ್ಪ ನಕ್ಕ.

"ಇದೊಂದು ಸರಿಯಾಗಿ ಹೇಳಿಬಿಡಿ, ಇವತ್ತೇ ಮನೆಗೆ ಹೋಗಬಹುದು" ಎಂದು ಡಾಕ್ಟರು ಹುರಿದುಂಬಿಸಿದರು. ಅಮ್ಮ ಗಂಡನನ್ನೊಮ್ಮೆ ನೋಡಿ ಮಗಳ ಕೈಯನ್ನು ಬಿಗಿಯಾಗಿ ಹಿಡಿದಳು. "ತೇಲುತ್ತೆ" ಎಂದಳು, ತಡವರಿಸದೆ. ನಿಚ್ಚಳವಾಗಿದ್ದ ಆ ಕಣ್ಣು ಕಂಡು ಅಮ್ಮ ಬೇಕೆಂದೇ ತಪ್ಪು ಹೇಳಿದಳೆಂದು ಮಗಳಿಗೆ ಹೊಳೆಯಿತು.

"ಪಾಪ, ಭ್ರಮೆ ಶುರುವಾಗಿದೆ. ಇನ್ನು ಇವರ ಮಾತು ಲೆಕ್ಕಕ್ಕಿಲ್ಲ" ಎಂದು ಡಾಕ್ಟರು ಅಪ್ಪನತ್ತ ತಿರುಗಿದರು. "ಏನು ಮಾಡೋಣ, ನೀವೇ ಹೇಳಿ ಯಜಮಾನರೇ."

"ಮನೆಗೇ ಕಳಿಸಿ" ಎಂದ ಅಪ್ಪ. "ನಾನು ನೋಡ್ಕೋತೀನಿ."