ಸಾವಿರದಲ್ಲಿ ಒಂದು

ಮೂರನೆಯವರೂ ಅದನ್ನೇ ಹೇಳಿದ ಮೇಲೆ ಪಂಚಾಕ್ಷರಪ್ಪ ಮೇಷ್ಟ್ರು ಮಗಳ ಸಂಬಂಧ ಬೇಡವೆಂದು ಹೇಳಿಕಳಿಸಿದರು.

ಹುಡುಗ ಸಖರಾಯಪಟ್ಟಣದ ಸಿದ್ದಲಿಂಗೇಶ್. ಅವನು ನೋಡಿಹೋದಂದಿನಿಂದ ನಯನ ಕೆಲಸದ ನಡುವೆ ಹಾಡು ಗುನುಗುತ್ತಿದ್ದಳು. ತಾಯಿ ವಿಮಲಮ್ಮ ಮನೆದೇವರಲ್ಲಿ ಪ್ರಸಾದ ಕೇಳಿಸಿದ್ದರು. ಹೂವು ಬಲಕ್ಕೇ ಬಿದ್ದಿತ್ತು.

“ಎಡಕ್ಕೋ ಬಲಕ್ಕೋ, ಅರ್ಧಕ್ಕರ್ಧ ಕಣೇ. ಅದೊಂದು ಸಾಕ್ಷಿಯಾ?” ಎಂದಿದ್ದರು, ಮೂವತ್ತು ವರ್ಷ ಗಣಿತ ಕಲಿಸಿದ್ದ ಮೇಷ್ಟ್ರು. ತಾವೇ ವಿಚಾರಿಸಲು ಹೊರಟರು.

ಹೆಣ್ಣು ಕೊಡುವವರು ಗಂಡಿನ ಗುಣ ಕೇಳುತ್ತಾರೆ. ಮೇಷ್ಟ್ರು ಐಬು ಕೇಳಿದರು. ಒಳ್ಳೆಯ ಮಾತನ್ನು ಯಾರು ಬೇಕಾದರೂ ಆಡುತ್ತಾರೆಂದು ಅವರ ವಾದ. ಮೊದಲು ಸಿಕ್ಕವನು ಕಡೂರು ಬಸ್ ಸ್ಟ್ಯಾಂಡಿನ ಹೋಟೆಲಿನ ತಿಮ್ಮಪ್ಪ.

“ನಾನು ಅಜ್ಜಂಪುರದ ಮೇಷ್ಟ್ರಪ್ಪಾ. ಸಖರಾಯಪಟ್ಟಣದ ಸಿದ್ದಲಿಂಗೇಶ್ ಅಂತ, ಆ ಹುಡುಗನಿಗೆ ಮೂರ್ಛೆ ರೋಗ ಏನಾದ್ರೂ ಇದೆಯಾ?”

ತಿಮ್ಮಪ್ಪ ಲೋಟ ತೊಳೆಯುವುದನ್ನು ನಿಲ್ಲಿಸಿದ. “ನಂಗೊತ್ತಿಲ್ಲ ಸಾ.”

ಗೊತ್ತಿಲ್ಲ ಎಂದವನನ್ನು ಮೇಷ್ಟ್ರು ಲೆಕ್ಕದಿಂದ ಬಿಟ್ಟರು. ಮುಂದೆ ಯಾರಿಗೂ ತಮ್ಮ ಗುರುತು ಹೇಳಲಿಲ್ಲ. ಗುರುತು ಹೇಳಿದರೆ ಜನ ಮುಖ ನೋಡಿ ಮಾತಾಡುತ್ತಾರೆ.

ಹದಿನೈದು ದಿನದಲ್ಲಿ ಮೂವರು ಬಾಯಿಬಿಟ್ಟರು. ಕಡೂರಿನ ಒಬ್ಬ ಕೊಬ್ಬರಿ ವ್ಯಾಪಾರಿ, ತರೀಕೆರೆಯ ಟೈಲರ್, ಅಮೃತಾಪುರದ ಅಂಬಮ್ಮ. ಒಬ್ಬರಿಗೊಬ್ಬರ ಪರಿಚಯವಿಲ್ಲ. ಮೂವರದೂ ಒಂದೇ ಮಾತು: ಮೂರ್ಛೆ ಇದೆಯಂತೆ.

“ಒಬ್ಬರು ತಪ್ಪು ಹೇಳೋದು ಹತ್ತರಲ್ಲಿ ಒಂದ್ಸಲ ಅಂತಿಟ್ಕೋ,” ಮೇಷ್ಟ್ರು ಮಗಳಿಗೆ ವಿವರಿಸಿದರು. “ಮೂವರೂ ಸೇರಿ ತಪ್ಪೋದು ಸಾವಿರದಲ್ಲಿ ಒಂದು.”

“ಅವರನ್ನೇ ಒಂದ್ಮಾತು ಕೇಳ್ಬೋದಿತ್ತಲ್ಲಪ್ಪಾ.”

“ಇಲ್ಲ ಅಂತಾನೆ. ಇನ್ನೇನಂತಾನೆ?”

ಅಂದಿನಿಂದ ಮನೆಯಲ್ಲಿ ಹಾಡು ನಿಂತಿತು.

ಎರಡು ತಿಂಗಳ ಮೇಲೆ ತರೀಕೆರೆ ಬಸ್ಸಿನಲ್ಲಿ ಅಂಬಮ್ಮ ಪಕ್ಕದಲ್ಲೇ ಬಂದು ಕೂತರು.

“ನೀವವತ್ತು ಕೇಳಿದ್ರಲ್ಲ ಸ್ವಾಮಿ, ಆ ಹುಡ್ಗಂಗೆ ಇನ್ನೂ ಎರಡು ಸಂಬಂಧ ತಪ್ಪೋಯ್ತಂತೆ. ಡಾಕ್ಟ್ರ ಚೀಟಿ ಹಿಡ್ಕೊಂಡು ತಿರುಗ್ತಾವ್ನೆ, ಏನೂ ರೋಗ ಇಲ್ಲ ಅಂತ. ಯಾರು ನಂಬ್ತಾರೆ?”

ಮೇಷ್ಟ್ರು ಅವರತ್ತ ತಿರುಗಿದರು. “ಬಿದ್ದದ್ದನ್ನ ನೀವು ಕಂಡಿದ್ರಾ?”

“ನಾನೆಲ್ಲಿ ಕಾಣ್ಲಿ! ಕಡೂರು ಹೋಟ್ಲು ತಿಮ್ಮಪ್ಪ ಬಂದೋರಿಗೆಲ್ಲಾ ಹೇಳಿದ್ದು.”

“ಅವನಿಗೆ ಯಾರು ಹೇಳಿದ್ರು?”

ಅಂಬಮ್ಮ ಎಲೆಗೆ ಸುಣ್ಣ ಸವರಿದರು. “ಯಾರೋ ಅಜ್ಜಂಪುರದ ಮೇಷ್ಟ್ರು ಕೇಳ್ಕೊಂಡು ಬಂದಿದ್ರಂತೆ. ಏನೂ ಇಲ್ದೆ ಮೇಷ್ಟ್ರಂಥೋರು ಕೇಳ್ತಾರಾ, ನೀವೇ ಹೇಳಿ?”