ಬೆನ್ನು ಹಾಕಿ ನಿಂತವಳು

ಕಾಲೇಜಿನ ಹೊಸ ಜಾಲತಾಣ ನೋಡಿಕೊಳ್ಳುವ ಇಂದುಮತಿ ಮೊದಲ ತಂಡದ ಹಳೆಯ ಫೋಟೋವನ್ನು ಸಂಭ್ರಮದಿಂದ ಅದಕ್ಕೆ ಏರಿಸಿದಳು. ಹೆಸರು ಬರೆಯದ ಫೋಟೋದಲ್ಲಿ ಜನ ಬೆನ್ನು ಹಾಕಿ ನಿಲ್ಲುವುದು ಮಾಮೂಲು. ನಿಯಮದಂತೆ ಅವಳು ಕೆಳಗೆ ಒಂದೊಂದೇ ಹೆಸರು ಬರೆದ ಹಾಗೆ ಒಬ್ಬೊಬ್ಬರೂ ಇತ್ತ ತಿರುಗಿದರು. ಕುರ್ಚಿಯಲ್ಲಿದ್ದ ಅಂದಿನ ಪ್ರಿನ್ಸಿಪಾಲರು ಮೀಸೆ ತೀಡಿಕೊಂಡರು.

ತುದಿಯಲ್ಲಿ ಕೊಡ ಹಿಡಿದ ಹೆಂಗಸು ಮಾತ್ರ ತಿರುಗಲಿಲ್ಲ. ‘ನೀರು ತರುವವಳು’ ಎಂದು ಬರೆದರೂ ಜಪ್ಪಯ್ಯ ಎಂದರೂ ಅಲುಗಲಿಲ್ಲ.

“ಆಕೀನ್ನ ಕತ್ತರಿಸಿಬಿಡ್ರಿ. ಜಾಲತಾಣ ಉದ್ಘಾಟನಾ ಮಾಡಾಕ ಮಂತ್ರಿಗಳು ಬರೂ ಹೊತ್ತಾತು,” ಎಂದರು ಬಾಗಿಲಲ್ಲಿ ನಿಂತಿದ್ದ ಈಗಿನ ಪ್ರಿನ್ಸಿಪಾಲ ಹೆಬಸೂರ ಸರ್.

“ಒಂದ್ ನಿಮಿಷ ಸರ್!”

ಜಾಲತಾಣದ ಚಿತ್ರಗಳ ದನಿ ಬಂದ್ ಇಡಬೇಕೆಂಬುದೂ ನಿಯಮವೇ. ಅದನ್ನು ಮುರಿದು ಇಂದುಮತಿ ದನಿಯ ಗುಂಡಿ ಒತ್ತಿದಳು. “ಯವ್ವಾ, ನಿಮ್ಮ ಹೆಸರೇನ್ರಿ?”

ಹೆಂಗಸು ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು.

“ಇಷ್ಟು ವರ್ಷದಾಗ ನೀನ ಮೊದಲು ಕೇಳಿದಾಕಿ, ತಂಗಿ. ಕಲ್ಲವ್ವ. ಕಲ್ಲವ್ವ ಸಿದ್ದಪ್ಪ ಹೂಗಾರ.”

ಇಂದುಮತಿ ಬರೆದಳು. ಕಲ್ಲವ್ವ ಕೊಡ ಕೆಳಗಿಟ್ಟು, ಇತ್ತ ತಿರುಗಿ, ಬಾಯಿ ತುಂಬ ನಕ್ಕಳು.

“ಸರ್, ಬರ್ರಿ! ಲಗೂನ ಬಂದು ನೋಡ್ರಿ!”

ಫೋಟೋದೊಳಗಿನ ಪ್ರಿನ್ಸಿಪಾಲರು ಎದ್ದು, ಶಲ್ಯದಿಂದ ತಮ್ಮ ಕುರ್ಚಿ ಒರೆಸಿ, ಕಲ್ಲವ್ವನ ಕಡೆಗೆ ಸರಿಸುತ್ತಿದ್ದರು.